ಡಿಸ್ಕಿನ ಮೇಲೆ ಹಾಸಿದ ಕರ್ಚೀಫು

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಸಂಗತಿಯಲ್ಲಿ ಅರ್ಧ ಪಾಲು ನನ್ನ ಕೋಪದ್ದೇ. ದಿನಾ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಸೀವುಡ್ಸ್. ಸಂಜೆ ಅದೇ ದಾರಿ ತಿರುಗುಮುರುಗು. ವರ್ಷಗಟ್ಟಲೆ ಲೇಡೀಸ್ ಡಬ್ಬಿಯಲ್ಲಿ ಹೀಗೆ ಜೋತುಬಿದ್ದು ಓಡಾಡಿದ ಹೆಂಗಸಿಗೆ ಶಾಂತ ಸ್ವಭಾವ ಎಲ್ಲಿಂದ ಬರಬೇಕು, ಹೇಳಿ?

ನನ್ನ ಕೆಲಸ ಸೀವುಡ್ಸ್ ಹತ್ತಿರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು. ಅಲ್ಲಿ ಒಂದು ಕ್ಲಸ್ಟರ್ ಇದೆ. ಎಂದರೆ ಒಂದೇ ಕಪಾಟಿನಲ್ಲಿ ಒಂದರ ಮೇಲೊಂದು ಕೂತ ಹಲವು ಯಂತ್ರಗಳು, ಅವಕ್ಕೆಲ್ಲ ಯಜಮಾನನಂತೆ ಒಂದು ಮುಖ್ಯ ಸರ್ವರ್. ಲೆಕ್ಕ ಮಾಡುವುದು ಆ ಯಂತ್ರಗಳು, ಉತ್ತರ ಬಂದು ಬೀಳುವುದು ಮುಖ್ಯ ಸರ್ವರಿನ ಡಿಸ್ಕಿಗೆ. ಪಿಎಚ್.ಡಿ. ಮಾಡುವ ಮಕ್ಕಳು ತಮ್ಮ ಲೆಕ್ಕವನ್ನು ಹಾಕಿ ವಾರಗಟ್ಟಲೆ ಕಾಯುತ್ತಾರೆ. ಹಾಗೆ ಓಡುವ ಲೆಕ್ಕಕ್ಕೆ ಅವರು ‘ರನ್’ ಎನ್ನುತ್ತಾರೆ. ರನ್ ಅರ್ಧದಲ್ಲಿರುವಾಗ ಡಿಸ್ಕ್ ತುಂಬಿತೋ, ಅಷ್ಟೂ ದಿನದ ಕೆಲಸ ನೀರಿನಲ್ಲಿ ಹೋಮ.

ಹಳೆಯ ಸರ್ವರ್ ಮುದಿಯಾಗಿತ್ತು. ಹೊಸದು ಬಂದಾಗ ಅದರ ಡಿಸ್ಕನ್ನು ಹೇಗೆ ಭಾಗ ಮಾಡಬೇಕು ಎಂಬುದನ್ನು ತೀರ್ಮಾನಿಸುವ ಕೆಲಸ ನನ್ನ ತಲೆಗೆ ಬಂತು. ಕೇಳುವವರಿಗೆ ಇದು ಎಂಥ ಮಹಾ ವಿಷಯ ಅನ್ನಿಸಬಹುದು. ಆದರೆ ಆ ತೀರ್ಮಾನವನ್ನು ಮೊದಲ ದಿನವೇ ಮಾಡಬೇಕು. ಸಾಫ್ಟ್‌ವೇರ್ ಹಾಕಿ, ಜನ ಒಳಗೆ ಬಂದು ಕೂತ ಮೇಲೆ ಗೋಡೆ ಸರಿಸುವುದೆಂದರೆ ದೊಡ್ಡ ರಾಮಾಯಣ.

ಹಳೆಯದರಲ್ಲಿ ನನಗಿಂತ ಮುಂಚೆ ಇದ್ದವರು ಎಲ್ಲವನ್ನೂ ಒಂದೇ ಭಾಗದಲ್ಲಿ ತುರುಕಿದ್ದರು. ಯಂತ್ರ ನಡೆಯಲು ಬೇಕಾದ ಮೂಲ ವ್ಯವಸ್ಥೆ, ಯಂತ್ರ ತನ್ನಷ್ಟಕ್ಕೆ ಬರೆದುಕೊಳ್ಳುವ ಲಾಗ್, ಮಕ್ಕಳ ಫೈಲು, ರನ್ನಿನ ರಾಶಿ, ಎಲ್ಲ ಒಂದೇ ಕಡೆ. ಯಾರದೋ ರನ್ ಕೊಬ್ಬಿ ಜಾಗ ಮುಗಿದರೆ ಯಂತ್ರಕ್ಕೇ ಉಸಿರಾಡಲು ಜಾಗವಿಲ್ಲ, ಇಡೀ ಕ್ಲಸ್ಟರ್ ಮುಗ್ಗರಿಸುತ್ತಿತ್ತು. ನನ್ನ ಅಪ್ಪ ಠಾಣೆಯ ಒಂದು ಹೋಟೆಲಿನಲ್ಲಿ ಇಡ್ಲಿ ಹಿಟ್ಟು ರುಬ್ಬುತ್ತಿದ್ದವರು. ಹಿಟ್ಟಿನ ಪಾತ್ರೆಯನ್ನು ಯಾವತ್ತೂ ಕಂಠಮಟ್ಟ ತುಂಬಿಸುತ್ತಿರಲಿಲ್ಲ. ಉಬ್ಬುವುದಕ್ಕೆ ಗೇಣು ಜಾಗ ಬಿಡದಿದ್ದರೆ ಬೆಳಿಗ್ಗೆ ನೆಲ ಒರೆಸುವ ಕೆಲಸ ಎನ್ನುತ್ತಿದ್ದರು. ಅಷ್ಟು ಬುದ್ಧಿ ಆ ಸರ್ವರ್ ಕಟ್ಟಿದವರಿಗೆ ಇರಲಿಲ್ಲ.

ಹೊಸದಕ್ಕೆ ಸಾಮಾನು ಸಾಗಿಸುವ ಮುಂಚೆ, ಹಳೆಯ ಡಿಸ್ಕಿನಲ್ಲಿ ಜಾಗ ತಿನ್ನುತ್ತಿರುವುದು ಏನು ಎಂದು ನೋಡಲು ಕೂತೆ. ನೋಡಿದರೆ ‘ರುಮಾಲ್’ ಎಂಬ ಹೆಸರಿನ ಒಂದು ಫೈಲು, ರಾಕ್ಷಸ ಗಾತ್ರದ್ದು. ಒಳಗೆ ಬರೀ ಸೊನ್ನೆ. ಸೊನ್ನೆಯ ಮೇಲೆ ಸೊನ್ನೆ, ಬೇರೆ ಏನೂ ಇಲ್ಲ. ಇನ್ನಷ್ಟು ಹುಡುಕಿದರೆ ‘ಮೇರಾ ರುಮಾಲ್’, ‘ರುಮಾಲ್ ಬಡಾ’, ‘ಹಾಥ್ ಮತ್ ಲಗಾನಾ’, ಎಂದರೆ ಮುಟ್ಟಬೇಡಿ. ಎಲ್ಲದರಲ್ಲೂ ಸೊನ್ನೆ! ಡಿಸ್ಕ್ ತುಂಬಿದೆ, ಡಿಸ್ಕ್ ತುಂಬಿದೆ ಎಂದು ಎಲ್ಲರೂ ನನ್ನ ತಲೆ ತಿನ್ನುತ್ತಿದ್ದರಲ್ಲ, ಅದು ಮುಕ್ಕಾಲು ಪಾಲು ತುಂಬಿದ್ದು ಈ ಕರ್ಚೀಫುಗಳಿಂದ.

ಇಲ್ಲಿಯ ಲೋಕಲ್ ಗಾಡಿ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ. ಊರಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಇಲ್ಲಿ ಅದೇ ಕೆಲಸಕ್ಕೆ ರುಮಾಲ್, ಅಂದರೆ ಕರ್ಚೀಫು. ಗೆಳತಿ ಇನ್ನೂ ಪ್ಲಾಟ್‌ಫಾರ್ಮಿನ ಮೆಟ್ಟಿಲಿಳಿಯುತ್ತಿರುತ್ತಾಳೆ, ಅವಳ ಸೀಟಿನ ಮೇಲೆ ಆಗಲೇ ಕರ್ಚೀಫು ಬಿದ್ದಿರುತ್ತದೆ. ನಮ್ಮ ಮಕ್ಕಳು ಅದನ್ನೇ ಡಿಸ್ಕಿಗೆ ತಂದಿದ್ದರು. ಸೊನ್ನೆ ತುಂಬಿದ ದೊಡ್ಡ ಫೈಲು ಮಾಡಿ ಜಾಗ ಹಿಡಿಯುವುದು, ತಮ್ಮ ರನ್ನಿಗೆ ಬೇಕಾದಾಗ ಅದನ್ನು ಅಳಿಸಿ ಆ ಜಾಗದಲ್ಲಿ ಕೂರುವುದು. ಬೇರೆ ಯಾವ ಊರಿನ ಕ್ಲಸ್ಟರಿನಲ್ಲಾದರೂ ಇಂಥ ತಲೆ ಓಡುತ್ತದೆಯೋ ಇಲ್ಲವೋ, ದೇವರೇ ಬಲ್ಲ.

ಮೊದಲ ‘ರುಮಾಲ್’ ಯಾರದು ಎಂದು ನೋಡಿದರೆ ನನ್ನ ಪರಿಚಯದ ಹುಡುಗಿಯದೇ. ಅಂಬರನಾಥದವಳು. ಅವಳ ಅಪ್ಪ ಅಮ್ಮ ಕುಂದಾಪುರದ ಕಡೆಯವರು, ಅಂಬರನಾಥದ ಕೈಗಾರಿಕಾ ವಸಾಹತಿನಲ್ಲಿ ಕ್ಯಾಂಟೀನ್ ನಡೆಸುತ್ತಾರೆ. ಕನ್ನಡ ಸಂಘದ ಗಣೇಶೋತ್ಸವದಲ್ಲಿ ಅವಳ ಅಮ್ಮನೂ ನಾನೂ ವರ್ಷವೂ ಒಟ್ಟಿಗೆ ಬಡಿಸುವವರು. ಹುಡುಗಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ಹಿಂದಿ. ನಾಲ್ಕು ಜನರ ಎದುರು ನಾನು ಅವಳಿಗೆ ಮ್ಯಾಡಮ್, ಬೇರೆ ಯಾರೂ ಇಲ್ಲದಿದ್ದರೆ ಆಂಟಿ.

ಅವಳನ್ನು ಕರೆಸಿದೆ. "ಎಂಥದು ಮಾರಾಯ್ತಿ ಇದು? ನಿನಗೆ ಓದು ಹೇಳಿಕೊಟ್ಟದ್ದು ಇದಕ್ಕಾ? ಇಷ್ಟು ದೊಡ್ಡ ಫೈಲು, ಒಳಗೆ ಬರೀ ಸೊನ್ನೆ!"

ಅವಳಿಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. "ಜಗಹ್ ರಖಾ ಹೈ, ಆಂಟಿ. ನಹೀ ತೋ ಟೈಮ್ ಪೇ ಮಿಲ್ತಾ ಕಿಧರ್ ಹೈ?" ಹಿಡಿದಿಡದಿದ್ದರೆ ಬೇಕಾದ ಹೊತ್ತಿಗೆ ಜಾಗ ಸಿಗುವುದಾದರೂ ಎಲ್ಲಿ ಎಂದು ನನ್ನನ್ನೇ ಕೇಳಿದಳು.

"ನಿನ್ನನ್ನು ನೋಡಿ ಎಲ್ಲರೂ ಹಾಸಿದ್ದಾರೆ. ಅದಕ್ಕೇ ಯಾರಿಗೂ ಸಿಗುವುದಿಲ್ಲ."

"ತೋ ಮೈ ಪೆಹಲೇ ಕ್ಯೂ ಉಠಾವೂ?" ಅಂದಳು. ಮೊದಲು ತಾನೇ ಯಾಕೆ ತೆಗೆಯಬೇಕು ಎಂದು. ಲೇಡೀಸ್ ಡಬ್ಬಿಯಲ್ಲಿ ಇದೇ ಮಾತನ್ನು ನಾನೂ ಎಷ್ಟೋ ಸಲ ಆಡಿದವಳೇ.

ಅವಳ ಕಷ್ಟವೇನೆಂದು ನನಗೆ ಗೊತ್ತಿತ್ತು. ಜೋರು ಮಳೆಯೂ ಸಮುದ್ರದ ಭರತವೂ ಒಟ್ಟಿಗೆ ಬಂದರೆ ಠಾಣೆಯ ಖಾಡಿಯಿಂದ, ಅಂದರೆ ನೆಲದೊಳಗೆ ಚಾಚಿದ ಸಮುದ್ರದ ತೋಳಿನಿಂದ, ನೀರು ಯಾವ ಯಾವ ಬಡಾವಣೆಗೆ ನುಗ್ಗುತ್ತದೆ ಎಂಬುದು ಅವಳ ವಿಷಯ. ಠಾಣೆಯ ಪಕ್ಕದ ಕಳವಾ ಎಂಬಲ್ಲಿ, ಖಾಡಿಗೆ ಹತ್ತಿರವೇ ನನ್ನ ತಮ್ಮನ ಮನೆ. ಮಳೆಗಾಲದಲ್ಲಿ ಅವನ ಅಕ್ಕಿ ಡಬ್ಬ ಮಂಚದ ಮೇಲೆ ಇರುತ್ತದೆ. ಹಾಗಾಗಿ ಈ ಹುಡುಗಿಯ ಲೆಕ್ಕದ ಮೇಲೆ ನನಗೆ ಮನೆಮಟ್ಟದ ಆಸೆ. ಅವಳಿಗೆ ಬಾಕಿ ಇದ್ದದ್ದು ಕೊನೆಯ ಒಂದೇ ಒಂದು ದೊಡ್ಡ ರನ್. ಆದರೆ ಅವಳ ಗೈಡ್ ನಿವೃತ್ತಿಗೆ ಬಂದಿದ್ದರು. ಅವರು ಹೋಗುವ ಮೊದಲು ಪ್ರಬಂಧ ಕೊಡದಿದ್ದರೆ ಹೊಸ ಗೈಡ್ ಹುಡುಕಿ ಮತ್ತೆ ಒಂದರಿಂದ ಎಣಿಸಬೇಕು. ಸಂಸ್ಥೆ ಕೊಡಬಹುದಾದ ವಾಯಿದೆಯನ್ನೆಲ್ಲ ಕೊಟ್ಟು ಮುಗಿಸಿತ್ತು. ಆ ರನ್ ಅರ್ಧದಲ್ಲಿ ನಿಂತರೆ ಮತ್ತೊಮ್ಮೆ ಓಡಿಸಲು ಸಮಯವಿಲ್ಲ, ಅವಳ ಇಷ್ಟು ವರ್ಷದ ಕೆಲಸ ಅಲ್ಲಿಗೇ ಮುಗಿಯಿತು.

ಡಿಸ್ಕಿನ ವಿಷಯ ನಮ್ಮ ವಿಭಾಗದ ಮುಖ್ಯಸ್ಥರ ಮುಂದೆ ಹೋಯಿತು. ಧಾರವಾಡದ ಕಡೆಯವರು. ಮನುಷ್ಯ ಒಳ್ಳೆಯವರೇ, ಆದರೆ ತಾವು ಹೇಳಿದ ಮೇಲೆ ಇನ್ನೊಬ್ಬರು ಯೋಚಿಸುವುದೇ ಅವರಿಗೆ ಆಗಿಬರುವುದಿಲ್ಲ. ಕರ್ಚೀಫಿನ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, "ಅದಕ್ಕs ಹೇಳ್ತೀನಿ ಮೇಡಂ, ಒಂದೊಂದು ಗುಂಪಿಗೆ ಸಮಾ ಹಂಚಿಬಿಡ್ರಿ. ಅವರವರ ಪಾಲಿನಾಗ ಅವರವರು ಬಡಿದಾಡ್ಕೋಲಿ" ಎಂದರು.

"ಸರ್, ಒಂದು ಗುಂಪಿನ ಜಾಗ ಖಾಲಿ ಬಿದ್ದಿರುತ್ತದೆ, ಇನ್ನೊಂದು ಗುಂಪು ಉಸಿರುಕಟ್ಟಿ ಸಾಯುತ್ತದೆ. ರನ್ನಿನ ಜಾಗ ಎಲ್ಲರಿಗೂ ಒಂದೇ ಇರಲಿ. ಒಬ್ಬೊಬ್ಬರಿಗೆ ಇಷ್ಟೇ ಎಂದು ಮಿತಿ ಹಾಕುತ್ತೇನೆ."

"ಮಿತಿ ಹಾಕಿದ್ರ ದಿನಾ ನನ್ನ ಬಾಗಲಕ್ಕ ಬರ್ತಾರ. ಗ್ವಾಡಿ ಕಟ್ರಿ, ಗ್ವಾಡಿ. ಮುಗೀತು."

ನಾನೂ ಬಿಡಲಿಲ್ಲ, ಅವರೂ ಬಿಡಲಿಲ್ಲ. ಟೀ ಬಂದು ತಣ್ಣಗಾಯಿತು. ಕೊನೆಗೆ ನಡೆದದ್ದು ಅವರ ಮಾತೇ, ಆದರೆ ನಾನೂ ಒಂದೆರಡು ಕಡೆ ನನ್ನ ಹಟ ಸಾಧಿಸಿದೆ. ಮೂಲ ವ್ಯವಸ್ಥೆಗೆ ಬೇರೆ ಭಾಗ. ಲಾಗಿಗೆ ಬೇರೆ, ಅದು ತುಂಬಿ ತುಳುಕಿದರೂ ಪಕ್ಕದವರಿಗೆ ತೊಂದರೆಯಾಗಬಾರದು. ಮಕ್ಕಳ ಸ್ವಂತ ಫೈಲುಗಳಿಗೆ ಬೇರೆ. ರನ್ನಿನ ಜಾಗ ಗುಂಪಿಗೊಂದರಂತೆ. ಇಷ್ಟಾದ ಮೇಲೆ ಒಂದಷ್ಟು ಜಾಗವನ್ನು ಯಾರ ಹೆಸರಿಗೂ ಬರೆಯದೆ ಹಾಗೇ ಉಳಿಸಿದೆ. ಯಾರಿಗೆ ಜಾಗ ಸಾಲದಾಯಿತೋ ಅವರ ಭಾಗಕ್ಕೆ, ರನ್ ಓಡುತ್ತಿರುವಾಗಲೇ, ಅಲ್ಲಿಂದ ಸೇರಿಸಬಹುದು. ಆದರೆ ಒಂದು ಸಂಗತಿ. ನಾವು ಹಾಕಿದ ವ್ಯವಸ್ಥೆಯಲ್ಲಿ ಭಾಗವನ್ನು ಬೆಳೆಸಲು ಬರುತ್ತದೆ, ಕುಗ್ಗಿಸಲು ಬರುವುದಿಲ್ಲ. ಒಮ್ಮೆ ಕೊಟ್ಟರೆ ಕೊಟ್ಟ ಹಾಗೆಯೇ. ವಾಪಸು ಬೇಕೆಂದರೆ ಆ ಭಾಗವನ್ನು ಪೂರಾ ಖಾಲಿ ಮಾಡಿ ಅಳಿಸಿ ಹೊಸದಾಗಿ ಕಟ್ಟಬೇಕು.

ಸರ್ ನಕ್ಷೆ ನೋಡಿ, "ಇದೇನ್ರೀ, ಇಷ್ಟು ಖಾಲಿ ಬಿದ್ದದ?" ಎಂದರು.

"ಖಾಲಿ ಅಲ್ಲ ಸರ್, ಕೈಯಲ್ಲಿ ಇಟ್ಟುಕೊಂಡದ್ದು" ಎಂದೆ.

"ಇರ್ಲಿ ಇರ್ಲಿ" ಎಂದರು. ಆ ‘ಇರ್ಲಿ’ಯನ್ನು ನಾನು ಒಪ್ಪಿಗೆ ಎಂದುಕೊಂಡೆ.

ಹೊಸ ಸರ್ವರಿಗೆ ಬರುವ ಮುಂಚೆ ಎಲ್ಲರೂ ತಮ್ಮ ಕರ್ಚೀಫು ಎತ್ತಬೇಕು ಎಂದು ಹುಕುಂ ಮಾಡಿದೆ. ಬೇರೆಯವರೆಲ್ಲ ಗೊಣಗಿಕೊಂಡು ಅಳಿಸಿದರು. ಅಂಬರನಾಥದ ಹುಡುಗಿ ಮಾತ್ರ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅವಳ ಗುಂಪಿನ ಭಾಗದಲ್ಲಿ ಅವಳೊಬ್ಬಳೇ ಅಲ್ಲ, ಅದೇ ಗೈಡಿನ ಇನ್ನಿಬ್ಬರು ಹುಡುಗರೂ ಇದ್ದರು. ಅವರ ರನ್ ಕೊಬ್ಬಿದರೆ ತನ್ನ ಗತಿಯೇನು ಎಂಬುದು ಅವಳ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ.

"ನೋಡು, ಆ ಉಳಿಸಿದ ಜಾಗ ಇದೆಯಲ್ಲ, ನಿನಗೆ ಬೇಕಾದ ದಿನ ನಾನು ಕೊಡುತ್ತೇನೆ" ಎಂದೆ. "ನಾನು ಹೇಳಿದ ಮೇಲೆ ಆಯ್ತು. ನಿನ್ನ ಅಮ್ಮನ ಎದುರು ನಿಂತು ಬೇಕಾದರೆ ಹೇಳುತ್ತೇನೆ."

ಅವಳು ನನ್ನ ಮುಖವನ್ನೇ ನೋಡಿದಳು. "ಪಕ್ಕಾ?"

"ಪಕ್ಕಾ ಅಂದರೆ ಪಕ್ಕಾ."

"ಠೀಕ್ ಹೈ" ಎಂದು ಅಲ್ಲೇ, ನನ್ನ ಕಣ್ಣೆದುರಿಗೇ, ‘ರುಮಾಲ್’ ಅಳಿಸಿದಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ನನ್ನ ಮಾತಿಗೂ ಒಂದು ಬೆಲೆ ಇದೆಯಲ್ಲ ಎಂದು ಆ ದಿನ ಠಾಣೆಯ ಗಾಡಿಯಲ್ಲಿ ನಿಂತೇ ಬಂದರೂ ಕಾಲುನೋವು ಗೊತ್ತಾಗಲಿಲ್ಲ.

ಅವಳ ರನ್ ಶುರುವಾಯಿತು. ದಿನಾ ಬೆಳಿಗ್ಗೆ ಬಂದವಳೇ ಚೀಲ ಇಡುವ ಮೊದಲು ಅದನ್ನು ನೋಡುತ್ತಿದ್ದೆ. ಗುಂಪಿನ ಭಾಗ ದಿನದಿನಕ್ಕೂ ತುಂಬುತ್ತಿತ್ತು, ಆದರೆ ನನ್ನ ಕೈಯಲ್ಲಿ ಇಟ್ಟದ್ದು ಇತ್ತಲ್ಲ, ನನಗೆ ಯೋಚನೆ ಇರಲಿಲ್ಲ. ತೀರಾ ಅಂಚಿಗೆ ಬಂದಾಗ ಸೇರಿಸಿದರಾಯಿತು. ಬೇಗ ಸೇರಿಸಿದರೆ ಆ ಹುಡುಗರಿಬ್ಬರೂ ಅದನ್ನೂ ನುಂಗುತ್ತಾರೆ ಎಂಬ ಲೆಕ್ಕ.

ಅದರ ನಡುವೆ ತಮ್ಮನ ಮನೆಯ ಸತ್ಯನಾರಾಯಣ ಪೂಜೆ ಬಂತು. ರಜೆ ಹಾಕಿದೆ. ಸಪಾದ ಪ್ರಸಾದ ಮಾಡಿದೆ, ಊಟಕ್ಕೆ ಬಡಿಸಿದೆ, ನಾದಿನಿಯ ಹತ್ತಿರ ತುಳುವಿನಲ್ಲಿ ಹೊಟ್ಟೆತುಂಬ ಹರಟಿದೆ. ಮರುದಿನ ಕೆಲಸಕ್ಕೆ ಬಂದು ಪರದೆ ತೆರೆದೆ. ಉಳಿಸಿಟ್ಟ ಜಾಗ ಇಲ್ಲ. ಪೂರಾ ಇಲ್ಲ. ಮುಖ್ಯಸ್ಥರ ಸ್ವಂತ ಗುಂಪಿನ ಭಾಗ ಊದಿಕೊಂಡು ಕೂತಿತ್ತು.

ನೇರ ಅವರ ಕೋಣೆಗೆ ಹೋದೆ. ಬಾಗಿಲು ತಟ್ಟಿದೆನೋ ಇಲ್ಲವೋ ನೆನಪಿಲ್ಲ.

"ಸರ್, ಆ ಜಾಗ ಯಾರು ತೆಗೆದುಕೊಂಡದ್ದು?"

"ನಮ್ಮ ಹುಡುಗರಿಗೆ ಅರ್ಜೆಂಟ್ ಇತ್ರೀ. ನೀವು ರಜಾದ ಮ್ಯಾಲೆ ಇದ್ರಿ. ಸರ್ವರ್ ಕಂಪನಿ ಎಂಜಿನಿಯರ್ ಬಂದಿದ್ದ, ಅವನ ಕಡಿಂದ ಮಾಡಿಸಿದೆ. ಖಾಲೀನs ಬಿದ್ದಿತ್ತಲ್ಲ?"

"ಖಾಲಿ ಅಲ್ಲ ಅಂತ ಅವತ್ತೇ ಹೇಳಿದ್ದೆನಲ್ಲ ಸರ್! ಅದು ಇನ್ನೊಬ್ಬರಿಗೆ ಹೇಳಿ ಆದದ್ದು. ಒಂದು ಫೋನು ಮಾಡಲಿಕ್ಕೆ ಏನಾಗಿತ್ತು?"

"ಪೂಜಾದಾಗ ಇದ್ದೀರಿ ಅಂತ ಬಿಟ್ಟೆ. ಈಗೇನು, ವಾಪಸ್ ತೊಗೋರಿ ಬೇಕಾದ್ರ."

ವಾಪಸು ತೆಗೆಯಲು ಬರುವುದಿಲ್ಲ ಎಂದು ನಾನು ಎಷ್ಟು ಸಲ ಹೇಳಿದ್ದೆ! ಮತ್ತೊಮ್ಮೆ ಹೇಳಿದೆ. ಈ ಸಲ ಅವರಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು, ಕನ್ನಡಕ ತೆಗೆದು ಒರೆಸಿದರು. ಅವರ ಹುಡುಗರ ರನ್ನುಗಳು ಆಗಲೇ ಅಲ್ಲಿ ಓಡುತ್ತಿದ್ದವು. ಅವನ್ನು ಕೊಂದು ಆ ಭಾಗ ಅಳಿಸಿ ಎನ್ನಲು ಅವರಿಗೂ ಬಾಯಿ ಬರಲಿಲ್ಲ, ನನಗೂ ಬರಲಿಲ್ಲ. ಅವರ ಭಾಗದಲ್ಲೇ ಉಳಿದ ಜಾಗಕ್ಕೆ ಹುಡುಗಿಯ ಹಳೆಯ ಉತ್ತರಗಳನ್ನು ಸಾಗಿಸೋಣವೆಂದರೆ ಅವು ಓಡುವ ರನ್ನಿಗೆ ಬೇಕಾದವು, ಜಾಗದಿಂದ ಅಲುಗಾಡಿಸುವಂತಿಲ್ಲ. ಅವಳ ಗುಂಪಿನ ಇಬ್ಬರು ಹುಡುಗರಿಗೆ ಫೋನು ಮಾಡಿ ಬೈದೆ, ಬೇಡಿಕೊಂಡೆ. ಪಾಪ, ಅಳಿಸಬಹುದಾದದ್ದನ್ನೆಲ್ಲ ಅಳಿಸಿದರು. ಸಾಲಲಿಲ್ಲ. ರನ್ ಮುಗಿಯಲು ಇನ್ನೂ ಕೆಲವು ದಿನ ಬೇಕು. ಭಾಗ ತುಂಬಿ ನಿಲ್ಲುವುದು ಅದೇ ಸಂಜೆಯ ಒಳಗೆ.

ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ. ಕೋಪ ಇಳಿದುಹೋಗಿ ಬರೀ ಸಂಕಟ ಉಳಿದಿತ್ತು. ಅವಳ ಅಮ್ಮನಿಗೆ ಯಾವ ಮುಖ ತೋರಿಸುವುದು? ಹುಡುಗಿ ಮೂರನೇ ಮಾಳಿಗೆಯ ಲ್ಯಾಬಿನಲ್ಲಿ ಕೂತು ಪ್ರಬಂಧದ ಕೊನೆಯ ಅಧ್ಯಾಯ ಬರೆಯುತ್ತಿದ್ದಳು, ಉತ್ತರ ಬಂದ ಮೇಲೆ ತುಂಬಲು ಕೋಷ್ಟಕಗಳನ್ನು ಖಾಲಿ ಬಿಟ್ಟು. ಪಕ್ಕದಲ್ಲಿ ಕುರ್ಚಿ ಎಳೆದು ಕೂತೆ.

"ಮಗಾ, ನಾನು ಹೇಳಿದ ಜಾಗ ಹೋಯಿತು. ನಾನಿಲ್ಲದಾಗ ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾರೆ. ನನ್ನ ಕೈಯಲ್ಲಿ ಈಗ ಏನೂ ಇಲ್ಲ." ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ, ಎರಡಕ್ಕೂ ತಯಾರಾಗಿಯೇ ಕೂತಿದ್ದೆ.

ಅವಳು ಅಳಲಿಲ್ಲ. ನನ್ನ ಕಡೆ ನೋಡದೆ ಕೀಲಿಮಣೆ ಎಳೆದುಕೊಂಡಳು. ತನ್ನ ಫೈಲುಗಳ ನಡುವೆ, ಖಾಡಿಯ ಭರತದ ಅಂಕಿಅಂಶ ಎಂಬಂಥ ಹೆಸರಿನ ಒಂದು ದೊಡ್ಡ ಫೈಲಿಗೆ ಹೋದಳು. ಅದನ್ನು ನಾನು ದಿನಾ ನೋಡುತ್ತಿದ್ದೆ. ಪಾಪ, ಎಷ್ಟು ಡೇಟಾ ಇಟ್ಟುಕೊಂಡಿದೆ ಈ ಹುಡುಗಿ ಎಂದುಕೊಳ್ಳುತ್ತಿದ್ದೆ. ಅದನ್ನು ಅಳಿಸಿದಳು. ಗುಂಪಿನ ಭಾಗದಲ್ಲಿ ಒಮ್ಮೆಲೇ ಇಷ್ಟಗಲ ಜಾಗ ತೆರೆದುಕೊಂಡಿತು. ಅವಳ ರನ್ ಮುಗಿಯಲು ಬೇಕಾದಷ್ಟು, ಮೇಲೆ ಒಂದು ಗೇಣು ಉಳಿಯುವಷ್ಟು.

"ಅದು ಎಂಥದು?" ಎಂದೆ. ಗೊತ್ತಿದ್ದೂ ಕೇಳಿದೆ.

"ರುಮಾಲ್" ಅಂದಳು.

"ಯಾವಾಗ ಹಾಸಿದ್ದು?"

"ಉಸೀ ದಿನ್. ಆಪ್ ಘರ್ ಗಯೇ, ಉಸಕೇ ಬಾದ್." ನನ್ನ ಎದುರು ಒಂದನ್ನು ಅಳಿಸಿ, ನಾನು ಮನೆಗೆ ಹೊರಟ ಮೇಲೆ ಹೊಸ ಸರ್ವರಿನಲ್ಲಿ ಇನ್ನೊಂದನ್ನು ಹಾಸಿದ್ದಳು, ಹೆಸರು ಬದಲಿಸಿ. ನಾನು ಗಾಡಿಯಲ್ಲಿ ನಿಂತು ಹೆಮ್ಮೆಪಡುತ್ತಿದ್ದೆನಲ್ಲ, ಅದೇ ಸಂಜೆ!

ಅಯ್ಯೋ ದೇವರೇ, ಆಗ ನನಗಾದದ್ದನ್ನು ಹೇಗೆ ಹೇಳಲಿ. ಬದುಕಿದೆ ಎನ್ನಿಸಿತು, ಅದೇ ಉಸಿರಿಗೆ ಕೆನ್ನೆಗೆ ಬಾರಿಸಿದ ಹಾಗೂ ಆಯಿತು. ಅವಳನ್ನು ತಬ್ಬಿಕೊಳ್ಳಬೇಕೋ, ಕಿವಿ ಹಿಂಡಬೇಕೋ ತಿಳಿಯಲಿಲ್ಲ. "ನನ್ನನ್ನು ನಂಬಲಿಲ್ಲ ನೀನು" ಎಂದೆ. ಬೇಜಾರಾಗಿತ್ತು, ಅದನ್ನು ಮುಚ್ಚಿಡಲಿಲ್ಲ.

ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. ಆಮೇಲೆ ಹಿಂದಿಯಲ್ಲೇ, ನಿಧಾನಕ್ಕೆ, ಅವಳು ಹೇಳಿದ್ದು ಇಷ್ಟು. ಆಂಟಿ, ನಮ್ಮ ಸ್ಟೇಷನ್ನಿನಿಂದಲೇ ಹೊರಡುವ ಗಾಡಿ ಇದೆ. ಬೋರ್ಡಿನಲ್ಲಿ ಅಂಬರನಾಥದಿಂದ ಎಂದೇ ಬರೆದಿರುತ್ತದೆ. ಚಿಕ್ಕಂದಿನಲ್ಲಿ ನಾನು ಅದು ಖಾಲಿ ಬರುತ್ತದೆ ಎಂದುಕೊಂಡಿದ್ದೆ. ಒಂದು ದಿನವೂ ಖಾಲಿ ಬರಲಿಲ್ಲ. ಅದು ನಮ್ಮ ಕಡೆ ಬರುವಾಗಲೇ ಕಲ್ಯಾಣದವರು, ಉಲ್ಲಾಸನಗರದವರು ಹತ್ತಿ ಕೂತು ಬಂದಿರುತ್ತಾರೆ. ಬೋರ್ಡು ಸುಳ್ಳು ಹೇಳುವುದಿಲ್ಲ, ಗಾಡಿ ಅಲ್ಲಿಂದಲೇ ಹೊರಡುತ್ತದೆ. ಸೀಟು ಮಾತ್ರ ಇರುವುದಿಲ್ಲ.

"ಆಪ್ ಭೀ ಝೂಟ್ ನಹೀ ಬೋಲೇ" ಎಂದು ಸೇರಿಸಿದಳು. ನೀವೂ ಸುಳ್ಳು ಹೇಳಲಿಲ್ಲ.

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ರನ್ ಮುಗಿಯಿತು. ಕೋಷ್ಟಕಗಳು ತುಂಬಿದವು. ಗೈಡ್ ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಹೋಗುವ ಮುಂಚೆಯೇ ಪ್ರಬಂಧ ಕಚೇರಿ ಸೇರಿತು. ಕೊನೆಯ ಮೌಖಿಕ ಪರೀಕ್ಷೆಯ ದಿನ ಮುಖ್ಯಸ್ಥರು ಹೊರಗಿನಿಂದ ಬಂದ ಪರೀಕ್ಷಕರಿಗೆ ನಮ್ಮ ಸರ್ವರ್ ಕೋಣೆ ತೋರಿಸಿ, "ಡಿಸ್ಕ್ ಪ್ಲ್ಯಾನಿಂಗ್ ಭಾಳ ಛಲೋ ಆಗಿತ್ತು, ಒಂದು ರನ್ನೂ ಹಾಳಾಗಲಿಲ್ಲ" ಎಂದರು. ಹುಡುಗಿ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದಳು. ನನ್ನ ಜನ್ಮದಲ್ಲಿ ಕೋಪ ನುಂಗಿದ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು. ಅವಳ ನಕ್ಷೆಯಲ್ಲಿ ತಮ್ಮನ ಗಲ್ಲಿ ನೀರು ನುಗ್ಗುವ ಜಾಗದ ನೀಲಿ ಬಣ್ಣದಲ್ಲಿತ್ತು. ಅವನಿಗೆ ತೋರಿಸಿದೆ. ಅಕ್ಕಿ ಡಬ್ಬಕ್ಕೆ ಈಗ ಮಂಚ ಬಿಟ್ಟು ಅಟ್ಟದ ಮೇಲೆ ಜಾಗವಾಗಿದೆ.

ಈಚೆಗೆ ಇನ್ನೊಂದು ಸರ್ವರ್ ಬಂತು. ಮತ್ತೆ ಸಭೆ, ಮತ್ತೆ ಟೀ, ಮತ್ತೆ ಗ್ವಾಡಿ. ಈ ಸಲ ಹೆಚ್ಚು ವಾದ ಮಾಡಲಿಲ್ಲ. ಕೈಯಲ್ಲಿ ಇಟ್ಟುಕೊಳ್ಳುವ ಜಾಗ ಎಂದು ನಕ್ಷೆಯಲ್ಲಿ ತೋರಿಸಲೂ ಇಲ್ಲ. ಇರುವುದನ್ನೆಲ್ಲ ಗುಂಪುಗಳಿಗೆ ಹಂಚಿದೆ. ಸರ್ ಖುಷಿಯಾದರು.

ಮರುವಾರ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಮೇಜಿಗೆ ಬಂದಳು. ಬೆಂಗಳೂರಿನವಳು, ಗಾಡಿಯ ಅಭ್ಯಾಸ ಇನ್ನೂ ಆಗಿಲ್ಲ. "ಮ್ಯಾಮ್, ನನ್ನ ರನ್ ಮಧ್ಯದಲ್ಲಿ ಜಾಗ ಮುಗಿದ್ರೆ ಏನ್ ಮಾಡ್ಲಿ?" ಎಂದು ಕೇಳಿದಳು.

"ನನಗೆ ಹೇಳು, ಕೊಡುತ್ತೇನೆ" ಎಂದೆ.

"ಓಕೆ ಮ್ಯಾಮ್, ನೀವ್ ಹೇಳಿದ್ಮೇಲೆ ಆಯ್ತಲ್ಲ, ಇನ್ನೇನ್ ಟೆನ್ಷನ್" ಎಂದು ನಗುತ್ತಾ ಹೊರಟಳು. ಪಕ್ಕಾನಾ ಎಂದು ಕೂಡ ಕೇಳಲಿಲ್ಲ. ನಂಬಿಯೇಬಿಟ್ಟಳು.

ಅವಳು ಲಿಫ್ಟಿನವರೆಗೆ ಹೋಗುವುದನ್ನು ನೋಡಿದೆ. ಆಮೇಲೆ ಪರದೆಯ ಕಡೆ ತಿರುಗಿ, ಅವಳ ಗುಂಪಿನ ಭಾಗದಲ್ಲಿ ಸೊನ್ನೆ ತುಂಬಿದ ಒಂದು ದೊಡ್ಡ ಫೈಲು ಹಾಸಿದೆ. ಹೆಸರು ಮಾತ್ರ ಅನುಮಾನ ಬಾರದ ಹಾಗೆ, ಯಾವುದೋ ಡೇಟಾ ಎಂದು ಇಟ್ಟೆ.